ಪದಮೂಲ ಮತ್ತು ವಿಭಕ್ತಿ: ಚಿಕ್ಕಬಳ್ಳಾಪುರ ಸೀಮೆಯ ಸ್ಥಳನಾಮಗಳ ಭಾಷಿಕ ಸಾಕ್ಷ್ಯ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳನ್ನೊಳಗೊಂಡ ಭೂಭಾಗವು ಕನ್ನಡ ಮತ್ತು ತೆಲುಗು ಭಾಷೆಗಳು ಶತಮಾನಗಳಿಂದ ಒಂದೇ ನೆಲದಲ್ಲಿ ಬಾಳಿಕೊಂಡು ಬಂದಿರುವ ಸೀಮೆ. 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಈ ಪ್ರದೇಶದ ಉತ್ತರ ಮತ್ತು ಪೂರ್ವದ ಅಂಚುಗಳು ಆಂಧ್ರಪ್ರದೇಶಕ್ಕೆ ತಾಗಿವೆ. ಬಾಣ, ನೊಳಂಬ, ವೈದುಂಬ ಮೊದಲಾದ ಅರಸುಮನೆತನಗಳ ಆಳ್ವಿಕೆಯನ್ನು ಕಂಡ ಈ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಕೋಲಾರ ಜಿಲ್ಲೆಗೆ ಮೀಸಲಾದ ಆ ಸಂಪುಟದಲ್ಲಿ ಕನ್ನಡ ಶಾಸನಗಳ ಜೊತೆಗೆ ತೆಲುಗು, ತಮಿಳು ಶಾಸನಗಳೂ ಇವೆ. ಕೈವಾರದ ನಾರೇಯಣ ತಾತಯ್ಯನವರ ಕೀರ್ತನೆಗಳು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ದೊರೆಯುವುದು ಈ ಸಹಬಾಳ್ವೆಯ ಇನ್ನೊಂದು ಸಾಕ್ಷ್ಯ.

ಇಂತಹ ಸೀಮೆಯಲ್ಲಿ ಒಂದು ಊರಿನ ಹೆಸರು ಅಥವಾ ಒಂದು ಪದ ಯಾವ ಭಾಷೆಗೆ ಸೇರಿದ್ದು ಎಂಬ ಪ್ರಶ್ನೆ ಪದೇ ಪದೇ ಏಳುತ್ತದೆ. ಈ ಪ್ರಶ್ನೆಗೆ ಸಾಮಾನ್ಯವಾಗಿ ಪದದ ಮೂಲವನ್ನು ಹುಡುಕುವುದರ ಮೂಲಕ ಉತ್ತರ ಹೇಳುವ ಪ್ರಯತ್ನ ನಡೆದಿದೆ. ಪದಮೂಲವು ಒಂದು ಶಬ್ದದ ಚರಿತ್ರೆಯನ್ನು ತಿಳಿಸುತ್ತದೆ, ನಿಜ. ಆದರೆ ಆ ಶಬ್ದವು ಯಾವ ಭಾಷೆಯ ವ್ಯವಸ್ಥೆಯೊಳಗೆ ಬದುಕುತ್ತಿದೆ ಎಂಬುದನ್ನು ತಿಳಿಸುವುದು ಅದರ ವಿಭಕ್ತಿರೂಪ. ಇವೆರಡೂ ಬೇರೆ ಬೇರೆ ಸಾಕ್ಷ್ಯಗಳು. ಒಂದನ್ನು ಇನ್ನೊಂದರ ಸ್ಥಾನದಲ್ಲಿಟ್ಟಾಗ ಶಾಸನಗಳ ಅರ್ಥನಿರ್ಣಯದಲ್ಲಿಯೂ ಸ್ಥಳನಾಮಗಳ ಅಧ್ಯಯನದಲ್ಲಿಯೂ ತಪ್ಪು ತೀರ್ಮಾನಗಳು ಉಂಟಾಗುತ್ತವೆ. ಈ ಭೇದವನ್ನು ಚಿಕ್ಕಬಳ್ಳಾಪುರ ಸೀಮೆಯ ಊರಹೆಸರುಗಳ ನೆರವಿನಿಂದ ಸ್ಪಷ್ಟಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾಲ್ಕು ಊರುಗಳು, ಹಲವು ಮೂಲಗಳು

ನಾಲ್ಕು ತಾಲ್ಲೂಕು ಕೇಂದ್ರಗಳ ಹೆಸರುಗಳನ್ನು ಮೊದಲು ಮೂಲದ ದೃಷ್ಟಿಯಿಂದ ನೋಡಬಹುದು. ‘ಚಿಕ್ಕಬಳ್ಳಾಪುರ’ದಲ್ಲಿ ‘ಚಿಕ್ಕ’ ಎಂಬುದು ಅಚ್ಚಗನ್ನಡ ವಿಶೇಷಣ, ‘ಪುರ’ ಸಂಸ್ಕೃತ. ನೆರೆಯ ದೊಡ್ಡಬಳ್ಳಾಪುರದಿಂದ ಇದನ್ನು ಬೇರ್ಪಡಿಸುವುದು ಈ ವಿಶೇಷಣವೇ. ನಡುವಣ ‘ಬಳ್ಳ’ವನ್ನು ಅಳತೆಯ ಪಾತ್ರೆಯಾದ ಬಳ್ಳಕ್ಕೆ ಜೋಡಿಸಿ, ಹಸುವೊಂದು ಹುತ್ತದ ಮೇಲೆ ಬಳ್ಳದಷ್ಟು ಹಾಲು ಸುರಿಸುತ್ತಿತ್ತೆಂಬ ಐತಿಹ್ಯವನ್ನು ದೊಡ್ಡಬಳ್ಳಾಪುರದ ವಿಷಯದಲ್ಲಿ ಹೇಳುವುದುಂಟು. ಚಿಕ್ಕಬಳ್ಳಾಪುರದ ಕೋಟೆ-ಪೇಟೆಗಳನ್ನು ಆವತಿ ನಾಡಪ್ರಭುಗಳ ವಂಶದ ಮಲ್ಲಭೈರೇಗೌಡನು ಸುಮಾರು 1479ರಲ್ಲಿ ಕಟ್ಟಿಸಿದನೆಂಬುದು ಪರಂಪರೆಯ ಹೇಳಿಕೆ.

‘ಗೌರಿಬಿದನೂರು’ ಎಂಬಲ್ಲಿ ‘ಗೌರಿ’ ಸಂಸ್ಕೃತದ್ದು, ‘ಊರು’ ದ್ರಾವಿಡ. ‘ಬಿದನೂರು’ ಎಂಬುದನ್ನು ‘ಬಿದಿರು’ ಎಂಬ ಶಬ್ದದೊಡನೆ ಸಂಬಂಧಿಸುವ ವಿವರಣೆಯನ್ನು ಒಪ್ಪುವುದಾದರೆ, ಪದದ ಆದಿಯ ಬಕಾರವು ಕನ್ನಡದ ಪರವಾಗಿ ನಿಲ್ಲುತ್ತದೆ. ಮೂಲದ್ರಾವಿಡದ ಆದಿ ವಕಾರವು ಕನ್ನಡದಲ್ಲಿ ಬಕಾರವಾಗುತ್ತದೆ. ತೆಲುಗಿನಲ್ಲಿ ವಕಾರವಾಗಿಯೇ ಉಳಿಯುತ್ತದೆ. ಕನ್ನಡದ ಬಿದಿರು, ಬೇರು, ಬೇವುಗಳಿಗೆ ತೆಲುಗಿನ ವೆದುರು, ವೇರು, ವೇಪಗಳು ಸಂವಾದಿಯಾಗಿವೆ.

‘ಚಿಂತಾಮಣಿ’ ಎಂಬುದು ಇಡಿಯಾಗಿ ಸಂಸ್ಕೃತ ಸಮಾಸ. ಆದರೆ ಊರಿಗೆ ಆ ಹೆಸರು ಬಂದದ್ದು ಚಿಂತಾಮಣಿರಾವ್ ಎಂಬ ಮರಾಠಾ ನಾಯಕನಿಂದ ಎಂದು ರೈಸ್ ಅವರ ಗೆಜೆಟಿಯರು ದಾಖಲಿಸುತ್ತದೆ. ಅಂದರೆ ಸಂಸ್ಕೃತದ ಶಬ್ದವೊಂದು ಮರಾಠಿ ಭಾಷಿಕ ವ್ಯಕ್ತಿಯ ಹೆಸರಾಗಿ, ಆ ಮೂಲಕ ಕನ್ನಡ-ತೆಲುಗು ನಾಡಿನ ಊರಿನ ಹೆಸರಾಗಿದೆ. ‘ಶಿಡ್ಲಘಟ್ಟ’ದ ಉತ್ತರಪದವನ್ನು ಸಂಸ್ಕೃತದ ‘ಘಟ್ಟ’ಕ್ಕೂ ದ್ರಾವಿಡದ ‘ಕಟ್ಟ’, ‘ಕಟ್ಟೆ’ಗಳಿಗೂ ಜೋಡಿಸಲು ಸಾಧ್ಯ. ಪೂರ್ವಪದವನ್ನು ‘ಸಿಡಿಲು’ ಎಂಬುದರಿಂದ ಸಾಧಿಸಲು ಧ್ವನಿನಿಯಮದ ಅಡ್ಡಿಯಿಲ್ಲ. ‘ಬಾಗಿಲು’ ಆಡುಮಾತಿನಲ್ಲಿ ‘ಬಾಗ್ಲು’ ಆಗುವಂತೆ ‘ಸಿಡಿಲ’ ಎಂಬುದು ‘ಸಿಡ್ಲ’ ಆಗಬಲ್ಲದು. ಆದರೆ ಧ್ವನಿನಿಯಮವು ಸಾಧ್ಯತೆಯನ್ನು ಮಾತ್ರ ತೋರಿಸುತ್ತದೆ. ನಿರ್ಣಯಕ್ಕೆ ಶಾಸನದ ಪ್ರಾಚೀನ ರೂಪ ಬೇಕು.

ಕೇಶಿರಾಜನು ಸುಮಾರು 1260ರ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಬೆರೆಸಿ ಮಾಡುವ ಸಮಾಸವನ್ನು ಅರಿಸಮಾಸವೆಂದು ಕರೆದು, ಕೆಲವು ಅಪವಾದಗಳನ್ನು ಹೊರತುಪಡಿಸಿ ಅದನ್ನು ನಿಷೇಧಿಸಿದನು. ಊರುಗಳಿಗೆ ಹೆಸರಿಟ್ಟ ಜನ ಈ ನಿಷೇಧಕ್ಕೆ ಕಿವಿಗೊಟ್ಟಂತೆ ಕಾಣುವುದಿಲ್ಲ. ಚಿಕ್ಕಬಳ್ಳಾಪುರವೂ ಗೌರಿಬಿದನೂರೂ ಅರಿಸಮಾಸಗಳೇ.

ಮೂಲವನ್ನು ಗಣಿಸದ ವಿಭಕ್ತಿ

ಹೀಗೆ ಭಿನ್ನಮೂಲದ ಈ ಹೆಸರುಗಳನ್ನು ವಿಭಕ್ತಿಯ ದೃಷ್ಟಿಯಿಂದ ನೋಡಿದಾಗ ಬೇರೊಂದು ವಿಂಗಡಣೆ ಕಾಣಿಸುತ್ತದೆ. ಕನ್ನಡದಲ್ಲಿ ನಾಮಪದವೊಂದು ಯಾವ ವಿಭಕ್ತಿರೂಪಗಳನ್ನು ತಾಳಬೇಕೆಂಬುದನ್ನು ನಿರ್ಧರಿಸುವ ಅಂಶಗಳು ಮುಖ್ಯವಾಗಿ ಎರಡು: ಪದದ ಕೊನೆಯ ಸ್ವರ ಮತ್ತು ಅಕಾರಾಂತ ಪದಗಳಲ್ಲಿ ಅದು ಮನುಷ್ಯವಾಚಕವೋ ಅಲ್ಲವೋ ಎಂಬುದು.

ಮನುಷ್ಯವಾಚಕವಲ್ಲದ ಅಕಾರಾಂತ ಪದಗಳು ಚತುರ್ಥಿಯಲ್ಲಿ ‘ಕ್ಕೆ’ ಪ್ರತ್ಯಯವನ್ನು ಪಡೆಯುತ್ತವೆ. ತೃತೀಯಾ, ಷಷ್ಠೀ, ಸಪ್ತಮಿಗಳಲ್ಲಿ ಪ್ರಕೃತಿಗೂ ಪ್ರತ್ಯಯಕ್ಕೂ ನಡುವೆ ‘ದ’ಕಾರಾಗಮವನ್ನು ಹೊಂದುತ್ತವೆ. ಚಿಕ್ಕಬಳ್ಳಾಪುರಕ್ಕೆ, ಚಿಕ್ಕಬಳ್ಳಾಪುರದಿಂದ, ಚಿಕ್ಕಬಳ್ಳಾಪುರದಲ್ಲಿ, ಶಿಡ್ಲಘಟ್ಟಕ್ಕೆ, ಶಿಡ್ಲಘಟ್ಟದ, ಹಾಗೆಯೇ ಕೈವಾರಕ್ಕೆ, ವಿದುರಾಶ್ವತ್ಥಕ್ಕೆ. ಇಕಾರಾಂತ, ಎಕಾರಾಂತ ಪದಗಳು ‘ಗೆ’ ಪ್ರತ್ಯಯವನ್ನೂ ಯಕಾರಾಗಮವನ್ನೂ ಪಡೆಯುತ್ತವೆ: ಚಿಂತಾಮಣಿಗೆ, ಚಿಂತಾಮಣಿಯಲ್ಲಿ, ಗುಡಿಬಂಡೆಗೆ, ಗುಡಿಬಂಡೆಯ. ಉಕಾರಾಂತಗಳು ‘ಇಗೆ’, ‘ಇನ’ ರೂಪಗಳನ್ನು ತಾಳುತ್ತವೆ: ಗೌರಿಬಿದನೂರಿಗೆ, ಗೌರಿಬಿದನೂರಿನ, ಚೇಳೂರಿಗೆ, ಚೇಳೂರಿನಲ್ಲಿ.

ಈ ವಿಂಗಡಣೆಯಲ್ಲಿ ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯ ಎಂಬ ಪರಂಪರಾಗತ ಭೇದಗಳಿಗೆ ಸ್ಥಾನವಿಲ್ಲವೆಂಬುದು ಗಮನಾರ್ಹ. ಸಂಸ್ಕೃತದ ‘ಪುರ’ಕ್ಕೂ ದ್ರಾವಿಡದ ‘ಮರ’ಕ್ಕೂ ಒಂದೇ ‘ಕ್ಕೆ’. ಅರಬ್ಬಿಯಿಂದ ಪಾರಸಿ-ಹಿಂದೂಸ್ತಾನಿಗಳ ಮೂಲಕ ಬಂದ ‘ಜಿಲ್ಲೆ’ಗೂ ಅಚ್ಚಗನ್ನಡದ ‘ಮನೆ’ಗೂ ಒಂದೇ ‘ಗೆ’. ಅದೇ ದಾರಿಯಲ್ಲಿ ಬಂದ ‘ತಾಲ್ಲೂಕು’ ‘ಊರು’ ಶಬ್ದದ ಜೊತೆ ಸೇರಿ ‘ತಾಲ್ಲೂಕಿಗೆ’ ಆಗುತ್ತದೆ. ನಂದಿಬೆಟ್ಟ, ನಂದಿದುರ್ಗ, ನಂದಿಗಿರಿಧಾಮ ಎಂದು ಒಂದೇ ಸ್ಥಳವನ್ನು ಮೂರು ಕಾಲದ ಮೂರು ಹೆಸರುಗಳಿಂದ ಕರೆದರೂ ಮೂರಕ್ಕೂ ಚತುರ್ಥಿ ಒಂದೇ.

ಚಿಂತಾಮಣಿಯ ಉದಾಹರಣೆ ಇಲ್ಲಿ ವಿಶೇಷವಾದುದು. ವ್ಯಕ್ತಿಯ ಹೆಸರಾಗಿದ್ದಾಗಲೂ ಊರಿನ ಹೆಸರಾದಾಗಲೂ ಅದರ ಚತುರ್ಥಿ ‘ಚಿಂತಾಮಣಿಗೆ’ ಎಂದೇ ಇರುತ್ತದೆ. ಆದರೆ ಆ ನಾಯಕನ ಹೆಸರು ಅಕಾರಾಂತವಾಗಿದ್ದು ಅದೇ ಊರಿಗೆ ಬಂದಿದ್ದರೆ ರೂಪ ಬದಲಾಗುತ್ತಿತ್ತು. ‘ರಾಮ’ನು ಮನುಷ್ಯನಾದರೆ ‘ರಾಮನಿಗೆ’, ‘ರಾಮಪುರ’ ಊರಾದರೆ ‘ರಾಮಪುರಕ್ಕೆ’. ಕನ್ನಡ ವಿಭಕ್ತಿಯು ಅಕಾರಾಂತದಲ್ಲಿ ಮನುಷ್ಯ-ಮನುಷ್ಯೇತರ ಭೇದವನ್ನು ಕಾಣುತ್ತದೆ. ಇಕಾರಾಂತದ ಚತುರ್ಥಿಯಲ್ಲಿ ಕಾಣುವುದಿಲ್ಲ.

ಶಿಡ್ಲಘಟ್ಟದ ರೇಷ್ಮೆ ವ್ಯವಹಾರದ ಶಬ್ದಗಳೂ ಇದೇ ನಿಯಮಕ್ಕೆ ಒಳಪಟ್ಟಿವೆ. ‘ರೇಷ್ಮೆ’ ಪಾರಸಿ ಮೂಲದ್ದು, ‘ಗೂಡು’ ದ್ರಾವಿಡದ್ದು, ‘ರೀಲರು’ ಇಂಗ್ಲಿಷಿನದು. ‘ಮಾರುಕಟ್ಟೆ’ಯು ಇಂಗ್ಲಿಷಿನ ‘ಮಾರ್ಕೆಟ್’ ಶಬ್ದವು ‘ಮಾರು’, ‘ಕಟ್ಟೆ’ ಎಂಬ ಕನ್ನಡ ಪದಗಳ ವೇಷ ತೊಟ್ಟು ಬಂದುದು. ಆದರೆ ರೇಷ್ಮೆಗೆ, ಗೂಡಿಗೆ, ರೀಲರಿಗೆ, ಮಾರುಕಟ್ಟೆಗೆ ಎಂಬ ರೂಪಗಳಲ್ಲಿ ಈ ಚರಿತ್ರೆಯ ಗುರುತು ಉಳಿದಿಲ್ಲ.

ಹೊರಗಣ ಒಂದು ನಿದರ್ಶನ

ಎರವಲು ಪದವು ಒಳನಾಡಿನ ವಿಭಕ್ತಿಯನ್ನು ತೊಡುವುದು ಕನ್ನಡಕ್ಕೆ ಸೀಮಿತವಾದ ಸಂಗತಿಯಲ್ಲ. ಗ್ರೀನ್‌ಲ್ಯಾಂಡಿನ ಕಲಾಲ್ಲಿಸುತ್ ಭಾಷೆ ಇದಕ್ಕೆ ದೂರದ ಒಂದು ಸಾಕ್ಷಿ. 1851ರಲ್ಲಿ ಸಾಮ್ಯುಯೆಲ್ ಕ್ಲೈನ್‌ಷ್ಮಿಟ್ ಅದರ ವ್ಯಾಕರಣವನ್ನು ಪ್ರಕಟಿಸಿದರು. 2009ರಲ್ಲಿ ಅದು ಆ ನಾಡಿನ ಅಧಿಕೃತ ಭಾಷೆಯಾಯಿತು. ದ್ರಾವಿಡ ಭಾಷೆಗಳೊಡನೆ ಅದಕ್ಕೆ ಯಾವ ವಂಶಸಂಬಂಧವೂ ಇಲ್ಲ. ಆದರೂ ಅಲ್ಲಿ ನಾಮಪದಕ್ಕೆ ಪ್ರತ್ಯಯ ಹತ್ತಿಸಿ ಕಾರಕಾರ್ಥವನ್ನು ಹೇಳುವ ಕ್ರಮ ಕನ್ನಡ ಓದುಗರಿಗೆ ಅಪರಿಚಿತವೆನಿಸದು. ರಾಜಧಾನಿ ನೂಕ್ ಎಂಬುದರಿಂದ ‘ನೂಮ್ಮಿ’ ಎಂದರೆ ನೂಕಿನಲ್ಲಿ, ‘ನೂಮ್ಮುತ್’ ಎಂದರೆ ನೂಕಿಗೆ, ‘ನೂಮ್ಮಿತ್’ ಎಂದರೆ ನೂಕಿನಿಂದ. ಡೇನಿಷ್ ಭಾಷೆಯಿಂದ ಪಡೆದ ಕಾರಿನ ಹೆಸರು ಅಲ್ಲಿ ‘ಬೀಲಿ’ ಎಂದಾಗಿ, ಬಹುವಚನದಲ್ಲಿ ಆ ಭಾಷೆಯ ಸ್ವಂತ ತಕಾರವನ್ನು ಹೊಂದಿ ‘ಬೀಲಿತ್’ ಆಗುತ್ತದೆ. ಡೇನಿಷ್‌ನಿಂದ ಬಂದ ಪಾದ್ರಿಯ ಹೆಸರು ‘ಪಲಸಿ’ ಎಂದು ಉಚ್ಚಾರಣೆಯಲ್ಲಿಯೂ ಮಾರ್ಪಟ್ಟಿದೆ. ಕನ್ನಡವು ‘ಬಸ್’ ಶಬ್ದಕ್ಕೆ ಉಕಾರವನ್ನು ಸೇರಿಸಿ ‘ಬಸ್ಸು’ ಎಂದು ಮಾಡಿಕೊಂಡು ‘ಬಸ್ಸಿಗೆ’, ‘ಬಸ್ಸಿನಲ್ಲಿ’ ಎನ್ನುವುದಕ್ಕೂ ಇದಕ್ಕೂ ತತ್ತ್ವತಃ ವ್ಯತ್ಯಾಸವಿಲ್ಲ. ಭಾಷೆಯೊಂದು ಪದವನ್ನು ಹೊರಗಿನಿಂದ ತರಬಲ್ಲದು. ಅದನ್ನು ವಾಕ್ಯದಲ್ಲಿ ನಿಲ್ಲಿಸಲು ತನ್ನದೇ ಪ್ರತ್ಯಯಗಳನ್ನು ಬಳಸುತ್ತದೆ.

ಕನ್ನಡ ಮತ್ತು ತೆಲುಗು: ಒಂದೇ ಪದ, ಎರಡು ರೂಪ

ಗ್ರೀನ್‌ಲ್ಯಾಂಡಿನಲ್ಲಿ ಸಂಪರ್ಕಕ್ಕೆ ಬಂದ ಎರಡು ಭಾಷೆಗಳು ವಂಶದಿಂದ ಬೇರೆಯಾದವು. ಚಿಕ್ಕಬಳ್ಳಾಪುರ ಸೀಮೆಯಲ್ಲಿ ಸೇರಿರುವುದು ಒಂದೇ ಕುಟುಂಬದ ಎರಡು ಭಾಷೆಗಳಾದ್ದರಿಂದ ಸಮಸ್ಯೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಊರು, ನಾಡು, ಗೂಡು, ಕಾಲು, ಗುಡಿ ಮೊದಲಾದ ಶಬ್ದಗಳು ಎರಡರಲ್ಲಿಯೂ ಒಂದೇ ರೂಪದಲ್ಲಿವೆ. ಇವುಗಳ ಪ್ರಥಮಾ ಏಕವಚನವನ್ನು ಮಾತ್ರ ಕೇಳಿದವರು ಆಡಿದ ಭಾಷೆ ಯಾವುದೆಂದು ಹೇಳಲಾರರು.

ಪ್ರತ್ಯಯ ಹತ್ತುವ ಮುನ್ನ ಪ್ರಕೃತಿಯು ತಾಳುವ ರೂಪದಲ್ಲಿ ಭೇದ ತಲೆದೋರುತ್ತದೆ. ಕನ್ನಡದ ಕಣ್ಣು ‘ಕಣ್ಣಿಗೆ’ ಎಂದಾದರೆ ತೆಲುಗಿನ ಕನ್ನು ‘ಕಂಟಿಕಿ’ ಎಂದಾಗುತ್ತದೆ. ಕನ್ನಡದ ಗೂಡು ‘ಗೂಡಿಗೆ’. ತೆಲುಗಿನ ಗೂಡು ಗ್ರಾಂಥಿಕ ರೂಪದಲ್ಲಿ ‘ಗೂಟಿಕಿ’. ಕನ್ನಡದಲ್ಲಿ ‘ಪುರ’ಕ್ಕೆ ಪುರಕ್ಕೆ, ಪುರದ, ಪುರದಲ್ಲಿ ಎಂಬ ರೂಪಗಳಿದ್ದರೆ ತೆಲುಗಿನ ‘ಪುರಂ’ ಶಬ್ದಕ್ಕೆ ಪುರಾನಿಕಿ, ಪುರಂಲೋ ಎಂಬ ರೂಪಗಳಿವೆ. ಹೀಗಾಗಿ ಒಂದೇ ಊರಿಗೆ ಹೊರಟ ಇಬ್ಬರಲ್ಲಿ ಒಬ್ಬರು ‘ಬಳ್ಳಾಪುರಕ್ಕೆ’ ಎಂದೂ ಇನ್ನೊಬ್ಬರು ‘ಬಳ್ಳಾಪುರಾನಿಕಿ’ ಎಂದೂ ಹೇಳುತ್ತಾರೆ.

‘ನಾಡು’ ಶಬ್ದ ಇದಕ್ಕೆ ಚರಿತ್ರೆಯಿಂದಲೇ ಸಾಕ್ಷ್ಯವನ್ನು ಒದಗಿಸುತ್ತದೆ. ಚಿಕ್ಕಬಳ್ಳಾಪುರದ ಪಾಳೆಯಗಾರರ ಮೂಲಮನೆತನವನ್ನು ‘ಆವತಿ ನಾಡಪ್ರಭುಗಳು’ ಎನ್ನುತ್ತಾರೆ. ಪೂರ್ವಕ್ಕೆ ರೇನಾಡನ್ನು ಆಳಿದವರನ್ನು ‘ರೇನಾಟಿ ಚೋಳರು’ ಎನ್ನುತ್ತಾರೆ. ‘ನಾಡ’ ಎಂಬುದು ಕನ್ನಡದ ಷಷ್ಠಿ. ‘ನಾಟಿ’ ಎಂಬುದು ತೆಲುಗಿನ ಷಷ್ಠಿ. ಮೂಲಶಬ್ದ ಒಂದೇ ಆದರೂ ಎರಡು ಹೆಸರುಗಳ ಭಾಷೆ ಯಾವುದೆಂಬುದು ಈ ಒಂದಕ್ಷರದಲ್ಲಿ ನಿಶ್ಚಿತವಾಗುತ್ತದೆ. ರೇನಾಟಿ ಚೋಳರ ಕಾಲದ, ಸುಮಾರು ಕ್ರಿ.ಶ. 575ರ ಕಲಮಳ್ಳ ಶಾಸನವನ್ನು ತೆಲುಗಿನ ಮೊದಲ ಶಾಸನಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ.

ಪ್ರತ್ಯಯಗಳು ಭಿನ್ನವಾಗಿ ಕಂಡರೂ ಅವುಗಳ ಮೂಲ ಹಲವೆಡೆ ಒಂದೇ ಎಂಬುದನ್ನು ಮರೆಯಬಾರದು. ಕನ್ನಡದ ಗೆ, ಕೆ, ಕ್ಕೆ, ತೆಲುಗಿನ ಕಿ, ಕು, ತಮಿಳಿನ ಕು, ಕ್ಕು ಒಂದೇ ಮೂಲದ್ರಾವಿಡ ಪ್ರತ್ಯಯದಿಂದ ಬಂದವು. ಹಳಗನ್ನಡದ ಸಪ್ತಮೀ ಪ್ರತ್ಯಯ ‘ಒಳ್’ ಮತ್ತು ತೆಲುಗಿನ ‘ಲೋ’ ಸೋದರ ರೂಪಗಳು. ಕನ್ನಡದ ‘ಅವರು’, ‘ಎರಡು’ಗಳಿಗೆ ತೆಲುಗಿನಲ್ಲಿ ‘ವಾರು’, ‘ರೆಂಡು’ ಎಂಬ ರೂಪಗಳಿರುವಂತೆಯೇ ‘ಒಳ್’ ಶಬ್ದದ ವ್ಯಂಜನವೂ ತೆಲುಗಿನಲ್ಲಿ ಪದಾದಿಗೆ ಸರಿದು ‘ಲೋ’ ಆಗಿದೆ.

ಈ ಬಾಂಧವ್ಯವನ್ನು ಮರೆಮಾಡಿದ ಕಾರಣಗಳಲ್ಲಿ ವ್ಯಾಕರಣಪರಂಪರೆಯೂ ಒಂದು. ಎರಡೂ ಭಾಷೆಗಳ ವೈಯಾಕರಣರು ಸಂಸ್ಕೃತದ ಏಳು ವಿಭಕ್ತಿಗಳ ಚೌಕಟ್ಟನ್ನು ಅನುಸರಿಸಿದರು. ಕೇಶಿರಾಜನ ಪದ್ಧತಿಯಲ್ಲಿ ಗೆ, ಕೆಗಳು ಚತುರ್ಥಿಯಲ್ಲಿವೆ. ಚಿನ್ನಯಸೂರಿಯ ‘ಬಾಲವ್ಯಾಕರಣಮು’ ಅನುಸರಿಸುವ ತೆಲುಗು ಪದ್ಧತಿಯಲ್ಲಿ ಕಿ, ಕುಗಳು ಷಷ್ಠಿಯಲ್ಲಿ ಸೇರಿ, ‘ಕೊರಕು’ ಮೊದಲಾದವು ಚತುರ್ಥಿಯ ಸ್ಥಾನವನ್ನು ಪಡೆದಿವೆ. ಒಂದೇ ಮೂಲದ ಪ್ರತ್ಯಯ ಎರಡು ಪರಂಪರೆಗಳಲ್ಲಿ ಎರಡು ವಿಭಕ್ತಿಗಳಿಗೆ ಸೇರಿಹೋಗಿದೆ. ಆದ್ದರಿಂದ ತುಲನಾತ್ಮಕ ಅಧ್ಯಯನದಲ್ಲಿ ವಿಭಕ್ತಿಯ ಹೆಸರನ್ನು ನೆಚ್ಚದೆ ಪ್ರತ್ಯಯದ ರೂಪವನ್ನೂ ಅದರ ಕಾರ್ಯವನ್ನೂ ಪರಿಶೀಲಿಸುವುದು ಅವಶ್ಯಕ. ಕನ್ನಡದ ರೂಪಗಳನ್ನು ಕನ್ನಡದ ವ್ಯವಸ್ಥೆಯಿಂದಲೇ ವಿವರಿಸಬೇಕೆಂದು ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಎಂಬ ಕೃತಿಯಲ್ಲಿ ವಾದಿಸಿರುವುದು ಈ ಸಂದರ್ಭದಲ್ಲಿ ಸ್ಮರಣೀಯ.

ಶಾಸನಗಳ ಭಾಷೆಯನ್ನು ಗುರುತಿಸುವಲ್ಲಿ

ಈ ಭೇದದ ಪ್ರಯೋಜನ ಶಾಸನಗಳ ಅಧ್ಯಯನದಲ್ಲಿ ಹೆಚ್ಚು. ಕನ್ನಡ ಮತ್ತು ತೆಲುಗುಗಳಿಗೆ ಬಹುಕಾಲದವರೆಗೆ ಒಂದೇ ಲಿಪಿಯಿದ್ದುದರಿಂದ ಗಡಿಸೀಮೆಯ ಪ್ರಾಚೀನ ಶಾಸನದ ಭಾಷೆಯನ್ನು ಲಿಪಿಯಿಂದ ನಿರ್ಣಯಿಸುವುದು ಸಾಧ್ಯವಿಲ್ಲ. ಊರು, ನಾಡುಗಳಂತಹ ಮೂಲಶಬ್ದಗಳೂ ನಿರ್ಣಾಯಕವಲ್ಲ. ಪ್ರಥಮಾ ವಿಭಕ್ತಿಯ ರೂಪವೂ ಮೋಸಗೊಳಿಸಬಲ್ಲದು. ಇಂದಿನ ಓದುಗರಿಗೆ ‘ಪುರಂ’ ಎಂಬ ಬಿಂದುವಿನ ರೂಪ ಕಂಡೊಡನೆ ತೆಲುಗು ಅಥವಾ ತಮಿಳು ನೆನಪಾಗುತ್ತದೆ. ಆದರೆ ಹಳಗನ್ನಡದ ಪ್ರಥಮಾ ಪ್ರತ್ಯಯವೇ ಮಕಾರ. ‘ಪುರಂ’, ‘ಮರಂ’ ಎಂಬುವು ಶುದ್ಧ ಹಳಗನ್ನಡ ರೂಪಗಳು.

ಆದ್ದರಿಂದ ಭಿನ್ನಕಾಲದ ಶಾಸನಪಾಠಗಳಲ್ಲಿ ಭಾಷೆಯನ್ನು ಗುರುತಿಸಲು ಕ್ರಿಯಾಪದಗಳ ಜೊತೆಗೆ ಪ್ರಥಮೇತರ ವಿಭಕ್ತಿಗಳೇ ಆಧಾರವಾಗಬೇಕು. ‘ಪುರಮಂ’, ‘ಪುರದೊಳ್’, ‘ಪುರಕ್ಕೆ’ ಎಂದಿದ್ದರೆ ಅದು ಹಳಗನ್ನಡ. ‘ಪುರಂಬುನ’, ‘ಪುರಂಬುನಕು’ ಎಂದಿದ್ದರೆ ಅದು ಪ್ರಾಚೀನ ತೆಲುಗು. ಶಾಸನವೊಂದರಲ್ಲಿ ಊರಿನ ಹೆಸರು ತೆಲುಗಿನ ಛಾಯೆಯಲ್ಲಿದ್ದು ಅದರ ಸುತ್ತಣ ವಿಭಕ್ತಿಗಳು ಕನ್ನಡದವಾಗಿದ್ದರೆ, ಆ ಊರಿನ ಚರಿತ್ರೆಯಲ್ಲಿ ತೆಲುಗು ಇತ್ತೆಂದೂ ಆ ಶಾಸನವನ್ನು ಬರೆಸಿದ ಆಡಳಿತದ ಭಾಷೆ ಕನ್ನಡವಾಗಿತ್ತೆಂದೂ ಎರಡು ಪ್ರತ್ಯೇಕ ಸಂಗತಿಗಳನ್ನು ದಾಖಲಿಸಬೇಕೇ ಹೊರತು ಒಂದನ್ನು ಇನ್ನೊಂದರಿಂದ ಅಳಿಸಬಾರದು.

ಗಡಿಯಾಚೆಯ ಸ್ಥಿತಿಯೂ ಇದನ್ನೇ ಸೂಚಿಸುತ್ತದೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಇಂದಿನ ಆಂಧ್ರಪ್ರದೇಶದ ಮಡಕಶಿರಾ ಪ್ರದೇಶದ ಹೇಮಾವತಿ. ಅಲ್ಲಿ ದೊರೆತ ಕನ್ನಡ ಶಾಸನಗಳು ಪ್ರಸಿದ್ಧವಾಗಿವೆ. ಆಡಳಿತದ ಇಂದಿನ ಗಡಿರೇಖೆಯು ಶಾಸನದ ಭಾಷೆಯನ್ನು ನಿರ್ಣಯಿಸುವುದಿಲ್ಲ. ‘ಪೆಂಜೇರು’ ಎಂಬುದು ‘ಹೆಂಜೇರು’ ಆದುದು ಕನ್ನಡದ ಧ್ವನಿಪರಿವರ್ತನೆ. ಸಮೀಪದ ಪೆನುಗೊಂಡೆಯ ಹೆಸರಿನಲ್ಲಿ ಅದೇ ‘ದೊಡ್ಡದು’ ಎಂಬ ಅರ್ಥದ ಶಬ್ದ ಪಕಾರವನ್ನು ಉಳಿಸಿಕೊಂಡಿದೆ.

ಹಳ್ಳಿ ಮತ್ತು ಪಲ್ಲಿ

ಪಕಾರ-ಹಕಾರಗಳ ಈ ವಿಷಯ ಸೀಮೆಯ ಹೆಚ್ಚು ಚರ್ಚಿತವಾದ ಹೆಸರುಗಳ ಕಡೆಗೆ ಕೊಂಡೊಯ್ಯುತ್ತದೆ. ಜಿಲ್ಲೆಯಲ್ಲಿ ‘ಹಳ್ಳಿ’ಯಿಂದ ಕೊನೆಗೊಳ್ಳುವ ಊರುಗಳೂ ‘ಪಲ್ಲಿ’ಯಿಂದ ಕೊನೆಗೊಳ್ಳುವ ಊರುಗಳೂ ಇವೆ. ಮೊದಲನೆಯದು ಕನ್ನಡ, ಎರಡನೆಯದು ತೆಲುಗು ಎಂಬ ಗ್ರಹಿಕೆ ಸಾಮಾನ್ಯ. ಮೂಲದಲ್ಲಿ ಇವೆರಡೂ ಒಂದೇ ಶಬ್ದ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶ (1961, ಎರಡನೆಯ ಆವೃತ್ತಿ 1984) ತಮಿಳಿನ ಪಳ್ಳಿ, ಕನ್ನಡದ ಪಳ್ಳಿ ಮತ್ತು ಹಳ್ಳಿ, ತೆಲುಗಿನ ಪಲ್ಲಿ ಮತ್ತು ಪಲ್ಲೆಗಳನ್ನು ಒಂದೇ ನಮೂದಿನಲ್ಲಿ ನೀಡುತ್ತದೆ. ಹಳಗನ್ನಡದಲ್ಲಿ ‘ಪಳ್ಳಿ’ ಎಂದೇ ಇದ್ದ ಶಬ್ದವು ಪಕಾರವು ಹಕಾರವಾಗುವ ಪರಿವರ್ತನೆಯಿಂದ ‘ಹಳ್ಳಿ’ಯಾಯಿತು. ಈ ಪರಿವರ್ತನೆಯ ಮೊದಲ ಕುರುಹುಗಳು ಸುಮಾರು 10ನೆಯ ಶತಮಾನದ ಹೊತ್ತಿಗೆ ಕಾಣಿಸಿಕೊಂಡು, 14ನೆಯ ಶತಮಾನದ ವೇಳೆಗೆ ಅದು ವ್ಯಾಪಕವಾಯಿತು.

ಹಾಗಿರುವಾಗ ಈ ಹೆಸರುಗಳ ಭಾಷೆಯನ್ನು ತಿಳಿಯಲು ಉತ್ತರಪದಕ್ಕಿಂತ ಪೂರ್ವಪದದ ಕೊನೆಯಲ್ಲಿ ಹುದುಗಿರುವ ವಿಭಕ್ತಿಯನ್ನು ನೋಡುವುದು ಹೆಚ್ಚು ಫಲಕಾರಿ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ, ಗೌರಿಬಿದನೂರಿನ ಕಡೆಯ ಮಂಚೇನಹಳ್ಳಿ ಎಂಬ ಹೆಸರುಗಳಲ್ಲಿ ‘ನ’ ಎಂಬುದು ಕನ್ನಡದ ಷಷ್ಠಿಗೆ ಹೊಂದುತ್ತದೆ. ‘ಅಯ್ಯನ’ ಎಂಬುದು ಆಡುಮಾತಿನಲ್ಲಿ ‘ಏನ’ ಆಗುವ ಪ್ರಕ್ರಿಯೆ ಕನ್ನಡ ಸ್ಥಳನಾಮಗಳಲ್ಲಿ ಪರಿಚಿತ. ನೆರೆಯ ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯಲ್ಲಿ ‘ನ’ದ ಬದಲು ‘ನಿ’ ಇದೆ. ಅದು ತೆಲುಗಿನ ಷಷ್ಠೀರೂಪಕ್ಕೆ ಹೊಂದುತ್ತದೆ. ಹೆಸರು ಹುಟ್ಟಿದ ಕಾಲದಲ್ಲಿ ಅದನ್ನು ಇಟ್ಟವರ ಮಾತು ಯಾವುದಾಗಿತ್ತೆಂಬುದಕ್ಕೆ ಇಂತಹ ಹುದುಗಿದ ಪ್ರತ್ಯಯ ಬಲವಾದ ಸಾಕ್ಷಿ. ಉತ್ತರಪದವನ್ನು ನಂತರದವರು ತಮ್ಮ ಭಾಷೆಗೆ ಸುಲಭವಾಗಿ ಒಗ್ಗಿಸಿಕೊಳ್ಳುತ್ತಾರೆ; ನಡುವೆ ಸಿಕ್ಕಿಕೊಂಡ ಪ್ರತ್ಯಯ ಅಷ್ಟು ಬೇಗ ಬದಲಾಗದು.

‘ಬಾಗೇಪಲ್ಲಿ’ ಎಂಬ ಹೆಸರಿನಲ್ಲಿ ಇಂತಹ ‘ನ’ ಅಥವಾ ‘ನಿ’ ಕಾಣಿಸುವುದಿಲ್ಲ. 2025ರ ಜುಲೈ ತಿಂಗಳಲ್ಲಿ ನಂದಿಗಿರಿಧಾಮದಲ್ಲಿ ಸೇರಿದ್ದ ರಾಜ್ಯ ಸಚಿವ ಸಂಪುಟವು ಈ ಪಟ್ಟಣಕ್ಕೆ ‘ಭಾಗ್ಯನಗರ’ ಎಂಬ ಹೆಸರಿಡಲು ತೀರ್ಮಾನಿಸಿತು. ಊರಿನ ಹೆಸರನ್ನು ಬದಲಿಸುವುದೋ ಉಳಿಸುವುದೋ ಜನರ ಮತ್ತು ಸರ್ಕಾರದ ವಿವೇಚನೆಗೆ ಬಿಟ್ಟದ್ದು. ಭಾಷಾಶಾಸ್ತ್ರವು ಈ ಸಂದರ್ಭದಲ್ಲಿ ಹೇಳಬಹುದಾದ ಮಾತುಗಳು ಎರಡು. ಮೊದಲನೆಯದಾಗಿ, ‘ಪಲ್ಲಿ’ ತೆಲುಗಿನ ರೂಪವೇ ಆದರೂ ಕನ್ನಡಕ್ಕೆ ಪರಕೀಯವಾದ ಶಬ್ದವಲ್ಲ, ‘ಹಳ್ಳಿ’ಯ ಒಡಹುಟ್ಟು. ಹೊಸ ಹೆಸರಿನ ಎರಡು ಪದಗಳೂ ಸಂಸ್ಕೃತದವು. ಅಂದರೆ ಮೂಲದ ದೃಷ್ಟಿಯಿಂದ ಈ ಬದಲಾವಣೆ ದ್ರಾವಿಡ ಶಬ್ದದಿಂದ ಸಂಸ್ಕೃತ ಶಬ್ದದ ಕಡೆಗೆ. ಎರಡನೆಯದಾಗಿ, ಹೆಸರು ಬದಲಾದರೆ ಅದರ ವಿಭಕ್ತಿವರ್ಗವೂ ಬದಲಾಗುತ್ತದೆ: ಇಕಾರಾಂತದ ‘ಬಾಗೇಪಲ್ಲಿಗೆ’ ಎಂಬುದು ಅಕಾರಾಂತದ ‘ಭಾಗ್ಯನಗರಕ್ಕೆ’ ಎಂದಾಗುತ್ತದೆ. ಆದರೆ ಮಾತನಾಡುವವರ ಭಾಷೆ ಬದಲಾಗುವುದಿಲ್ಲ. ‘ಬಾಗೇಪಲ್ಲಿಗೆ’ ಎನ್ನುತ್ತಿದ್ದವರು ‘ಭಾಗ್ಯನಗರಕ್ಕೆ’ ಎಂದರೆ, ‘ಬಾಗೇಪಲ್ಲಿಕಿ’ ಎನ್ನುತ್ತಿದ್ದವರು ‘ಭಾಗ್ಯನಗರಾನಿಕಿ’ ಎನ್ನಬಲ್ಲರು. ಮೂಲಪದವನ್ನು ಆದೇಶದಿಂದ ಬದಲಿಸಬಹುದು. ವಿಭಕ್ತಿಯನ್ನು ಆದೇಶದಿಂದ ಬದಲಿಸಲಾಗದು.

ರಚನೆ ಒಂದಾದರೂ ರೂಪ ಬೇರೆ

ಎರಡು ಭಾಷೆಗಳನ್ನೂ ಬಲ್ಲವರು ತಲೆಮಾರುಗಳಿಂದ ಜೊತೆಗಿದ್ದರೆ ಪ್ರತ್ಯಯಗಳೂ ಬೆರೆಯುವುದಿಲ್ಲವೇ ಎಂಬ ಸಂದೇಹ ಸಹಜ. ಇದಕ್ಕೆ ಉತ್ತರ ಹುಡುಕಲು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮವನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅವರು 1971ರಲ್ಲಿ ಪ್ರಕಟಿಸಿದ ಅಧ್ಯಯನ ನೆರವಾಗುತ್ತದೆ. ಕನ್ನಡ, ಮರಾಠಿ, ಉರ್ದುಗಳು ಒಟ್ಟಿಗೆ ಬಳಕೆಯಲ್ಲಿದ್ದ ಆ ಗ್ರಾಮದಲ್ಲಿ ವಾಕ್ಯರಚನೆಗಳು ಪರಸ್ಪರ ಹೊಂದಿಕೊಂಡು, ಒಂದು ಭಾಷೆಯ ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದಕ್ಕೆ ಪರಿವರ್ತಿಸಬಹುದಾದಷ್ಟು ಸಾಮ್ಯ ಬೆಳೆದಿತ್ತು. ಆದರೂ ಪದಗಳೂ ಪ್ರತ್ಯಯಗಳ ರೂಪಗಳೂ ಭಾಷೆಯಿಂದ ಭಾಷೆಗೆ ಬೇರೆಯಾಗಿಯೇ ಉಳಿದಿದ್ದವು. ಪ್ರತಿಯೊಂದು ಸಮುದಾಯವೂ ತನ್ನ ಗುರುತನ್ನು ಕಾಪಾಡಿಕೊಂಡದ್ದು ಈ ರೂಪಗಳ ಮೂಲಕ.

ಚಿಕ್ಕಬಳ್ಳಾಪುರ ಸೀಮೆಯಲ್ಲಿ ರಚನೆಯ ಸಾಮ್ಯಕ್ಕೆ ಸಂಪರ್ಕವೊಂದೇ ಕಾರಣವಲ್ಲ, ವಂಶಸಂಬಂಧವೂ ಕಾರಣ. ‘ನನಗೆ ಬೇಕು’ ಎಂಬ ಕನ್ನಡ ವಾಕ್ಯಕ್ಕೂ ‘ನಾಕು ಕಾವಾಲಿ’ ಎಂಬ ತೆಲುಗು ವಾಕ್ಯಕ್ಕೂ ಕಟ್ಟಡ ಒಂದೇ. ಎರಡರಲ್ಲಿಯೂ ಬಯಸುವವನು ಚತುರ್ಥಿಯಲ್ಲಿದ್ದಾನೆ. ಶಬ್ದಗಳಲ್ಲಿಯೂ ಬಹುಪಾಲು ಸಮಾನ. ಹೀಗೆ ರಚನೆಯೂ ಶಬ್ದವೂ ಒಂದಾಗಿರುವಲ್ಲಿ ಎರಡು ಭಾಷೆಗಳನ್ನು ಬೇರೆಯಾಗಿ ನಿಲ್ಲಿಸುವ ಭಾರದ ದೊಡ್ಡ ಪಾಲು ಪ್ರತ್ಯಯಗಳ ರೂಪದ ಮೇಲೆ ಬೀಳುತ್ತದೆ. ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಬಳಸುವ ಮಗುವಿಗೆ ‘ಊರು’, ‘ಗೂಡು’, ‘ಕಾಲು’ ಎಂಬ ಶಬ್ದಗಳನ್ನು ಕಲಿಸಬೇಕಾಗಿಲ್ಲ. ಅದು ಕಲಿಯಬೇಕಾದುದು ‘ಊರಿಕಿ’ ಮತ್ತು ‘ಊರಿಗೆ’ಗಳ ನಡುವಣ ಅಂತರವನ್ನು. ಇದನ್ನರಿತ ಬೋಧನೆ ಮಗುವಿನ ಮನೆಮಾತನ್ನು ಕನ್ನಡ ಕಲಿಕೆಗೆ ಅಡ್ಡಿಯೆಂದು ಬಗೆಯದೆ ಬಂಡವಾಳವಾಗಿ ಬಳಸಿಕೊಳ್ಳಬಲ್ಲದು.

ಸಂಗ್ರಹಕಾರ್ಯಕ್ಕೆ ಸಂಬಂಧಿಸಿದಂತೆ

ಗ್ರಾಮಗಳ ಪಟ್ಟಿಗಳೂ ನಕ್ಷೆಗಳೂ ಶಾಸನಸಂಪುಟಗಳ ನಾಮಸೂಚಿಗಳೂ ಊರಿನ ಹೆಸರನ್ನು ಪ್ರಥಮಾ ರೂಪದಲ್ಲಿ, ಹಲವು ಬಾರಿ ರೋಮನ್ ಲಿಪಿಯಲ್ಲಿ, ದಾಖಲಿಸುತ್ತವೆ. ಪ್ರಥಮಾ ರೂಪದಲ್ಲಿ ಎರಡು ಭಾಷೆಗಳ ಭೇದ ಅತ್ಯಂತ ಕಡಿಮೆ. ರೋಮನ್ ಲಿಪಿಯಲ್ಲಿ ‘ಲ’ ಮತ್ತು ‘ಳ’ಗಳ ಭೇದವೂ ಅಳಿಸಿಹೋಗುತ್ತದೆ. ಯಾವ ರೂಪದಲ್ಲಿ ಸಾಕ್ಷ್ಯ ಅತ್ಯಲ್ಪವೋ ಆ ರೂಪವೇ ದಾಖಲೆಗೆ ಸೇರುತ್ತಿದೆ.

ಈ ಸೀಮೆಯ ಸ್ಥಳನಾಮ ಸಂಗ್ರಹದಲ್ಲಿ ಪ್ರತಿಯೊಂದು ಹೆಸರಿನ ಜೊತೆಗೆ ಅದರ ಷಷ್ಠೀ, ಚತುರ್ಥೀ, ಸಪ್ತಮೀ ರೂಪಗಳನ್ನು ಕನ್ನಡ ಮನೆಮಾತಿನವರಿಂದಲೂ ತೆಲುಗು ಮನೆಮಾತಿನವರಿಂದಲೂ ಪ್ರತ್ಯೇಕವಾಗಿ ಕೇಳಿ ಬರೆದುಕೊಳ್ಳುವುದು ಅಗತ್ಯ. ಸಮಾಸದ ನಡುವೆ ಉಳಿದಿರುವ ‘ನ’, ‘ನಿ’, ‘ಟಿ’ಗಳನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಶಾಸನಗಳ ನಾಮಸೂಚಿಯಲ್ಲಿಯೂ ಹೆಸರು ಮೂಲಪಾಠದಲ್ಲಿ ಯಾವ ವಿಭಕ್ತಿಯಲ್ಲಿ ಬಂದಿದೆಯೆಂಬುದನ್ನು ಸೂಚಿಸಬೇಕು. ಇಷ್ಟು ನಡೆದಾಗ ಒಂದು ಊರಿನ ಹೆಸರಿನ ಮೂಲ, ಅದನ್ನು ಇಟ್ಟವರ ಭಾಷೆ, ಅದನ್ನು ಇಂದು ಬಳಸುವವರ ಭಾಷೆ ಎಂಬ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಹೇಳಲು ಸಾಧ್ಯವಾಗುತ್ತದೆ. ಚಿಂತಾಮಣಿಯ ವಿಷಯದಲ್ಲಿ ಆ ಮೂರೂ ಮೂರು ದಿಕ್ಕಿನವು: ಶಬ್ದ ಸಂಸ್ಕೃತದ್ದು, ಹೆಸರು ಮರಾಠಾ ನಾಯಕನದು, ಇಂದು ಅದಕ್ಕೆ ‘ಗೆ’ ಅಥವಾ ‘ಕಿ’ ಹತ್ತಿಸಿ ಬಳಸುವವರು ಕನ್ನಡಿಗರು ಮತ್ತು ತೆಲುಗರು.